ಎಲ್ವಿಸ್ ಪ್ರೆಸ್ಲಿ ಅಮೆರಿಕ ದಾಟಿ ಹೋಗಿ ಯಾಕೆ ಹಾಡಲಿಲ್ಲ?

ಪ್ರಶ್ನೆ: ಎಲ್ವಿಸ್‌ಗೆ ಪ್ರಪಂಚದ ತುಂಬಾ ಅಭಿಮಾನಿಗಳಿದ್ದರು. ಲಂಡನ್, ಟೋಕಿಯೊ, ಸಿಡ್ನಿ ಎಲ್ಲಿ ಹಾಡಿದ್ದರೂ ಜನ ಮುಗಿಬೀಳುತ್ತಿದ್ದರು. ಆದರೂ ಹೋಗಲೇ ಇಲ್ಲವಂತೆ. ಅವನ ಮ್ಯಾನೇಜರ್ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ, ಅದಕ್ಕೇ ಹೀಗಾಯಿತು ಅಂತ ಎಲ್ಲೋ ಓದಿದೆ. ನಿಜವಾ?

ಉತ್ತರ: ಪಾಸ್‌ಪೋರ್ಟ್ ಇರಲಿಲ್ಲ ಅನ್ನುವುದು ನಿಜ. ಆದರೆ ಇಡೀ ಕಥೆಯನ್ನು ಅದೊಂದರ ತಲೆಗೆ ಕಟ್ಟಿದರೆ ಲೆಕ್ಕ ಸರಿಹೋಗುವುದಿಲ್ಲ.

ಮೊದಲು ಒಂದು ಸಣ್ಣ ತಿದ್ದುಪಡಿ. ಎಲ್ವಿಸ್ ಒಂದು ಹೊರದೇಶದಲ್ಲಿ ಹಾಡಿದ್ದಾನೆ, ಪಕ್ಕದ ಕೆನಡಾದಲ್ಲಿ. 1957ರ ಏಪ್ರಿಲ್‌ನಲ್ಲಿ ಟೊರಾಂಟೊ ಮತ್ತು ಒಟ್ಟಾವಾ, ಅದೇ ಆಗಸ್ಟ್‌ನಲ್ಲಿ ವ್ಯಾಂಕೂವರ್. ಮೂರೇ ಊರು. ಆಗ ಅವನಿಗೆ 22 ವರ್ಷ. ಆಮೇಲೆ 1977ರ ಆಗಸ್ಟ್ 16ರಂದು ಸಾಯುವವರೆಗೆ ಟಿಕೆಟ್ ಕೊಂಡ ಜನರ ಮುಂದೆ ಅವನು ಹಾಡಿದ್ದೆಲ್ಲ ಅಮೆರಿಕದ ಒಳಗೇ.

ಹಾಗಂತ ಅವನು ದೇಶ ಬಿಟ್ಟೇ ಹೋಗಿರಲಿಲ್ಲ ಅಂತಲ್ಲ. 1958ರಲ್ಲಿ ಕಡ್ಡಾಯ ಸೇನಾ ಸೇವೆಗೆ ಸೇರಿದ ಮೇಲೆ ಜರ್ಮನಿಯಲ್ಲಿ ಸುಮಾರು 17 ತಿಂಗಳು ಇದ್ದ. ರಜೆ ಸಿಕ್ಕಾಗ ಪ್ಯಾರಿಸ್‌ಗೂ ಹೋಗಿ ಬಂದ. ವಾಪಸ್ ಹೊರಟಾಗ, 1960ರ ಮಾರ್ಚ್‌ನಲ್ಲಿ, ವಿಮಾನಕ್ಕೆ ಇಂಧನ ತುಂಬಿಸಲು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಇಳಿದ. ಬೇಲಿಯಾಚೆ ಬಂದು ನಿಂತಿದ್ದ ಹುಡುಗಿಯರಿಗೆ ಆಟೋಗ್ರಾಫ್ ಕೊಟ್ಟ, ಮತ್ತೆ ವಿಮಾನ ಹತ್ತಿದ. ಬ್ರಿಟನ್ನಿನ ನೆಲದಲ್ಲಿ ಅವನು ಕಾಲಿಟ್ಟಿದ್ದಕ್ಕೆ ದಾಖಲೆ ಅಂತ ಇರುವುದು ಅಷ್ಟೇ.

ಗಮನಿಸಬೇಕಾದ್ದು ಬೇರೆ ಇದೆ. ಆ 17 ತಿಂಗಳಲ್ಲಿ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಒಂದು ಸಲವೂ ಜರ್ಮನಿಗೆ ಬರಲಿಲ್ಲ. ತನ್ನ ಅತಿ ದೊಡ್ಡ ಕಲಾವಿದ, ಅದೂ ಹೊಸದಾಗಿ ತಾಯಿಯನ್ನು ಕಳೆದುಕೊಂಡವನು, ಅಷ್ಟು ದೂರದಲ್ಲಿದ್ದಾನೆ. ಪಾರ್ಕರ್ ಕಾಗದ ಬರೆದ, ಫೋನ್ ಮಾಡಿದ. ಬರಲಿಲ್ಲ.

ಈ ಕರ್ನಲ್ ಯಾರು ಅಂತ ನೋಡಿದರೆ ತಮಾಷೆ ಶುರುವಾಗುತ್ತದೆ. ಕರ್ನಲ್ ಅನ್ನುವುದು ಯುದ್ಧದಲ್ಲಿ ಗಳಿಸಿದ ಪದವಿಯಲ್ಲ. 1948ರಲ್ಲಿ ಲೂಸಿಯಾನಾದ ಗವರ್ನರ್ ಜಿಮ್ಮಿ ಡೇವಿಸ್ ಕೊಟ್ಟ ಗೌರವ ಬಿರುದು. ಈ ಡೇವಿಸ್ ಸ್ವತಃ ಹಾಡುಗಾರ. ಟಾಮ್ ಪಾರ್ಕರ್ ಅನ್ನುವ ಹೆಸರೂ ಹುಟ್ಟಿದಾಗ ಇಟ್ಟದ್ದಲ್ಲ. ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್ ನನ್ನ ಊರು ಅಂತ ಜೀವನಪೂರ್ತಿ ಹೇಳಿಕೊಂಡು ಬಂದನಲ್ಲ, ಅದೂ ಸುಳ್ಳು. ಅವನು ಆಂಡ್ರಿಯಾಸ್ ಕಾರ್ನೆಲಿಸ್ ವಾನ್ ಕುಯಿಕ್. 1909ರಲ್ಲಿ ನೆದರ್ಲೆಂಡ್ಸ್‌ನ ಬ್ರೆಡಾ ಊರಿನಲ್ಲಿ ಹುಟ್ಟಿದವನು. ಇಪ್ಪತ್ತರ ಹೊತ್ತಿಗೆ ಮನೆಯವರಿಗೂ ಸರಿಯಾಗಿ ಹೇಳದೆ ಅಮೆರಿಕ ಸೇರಿಕೊಂಡ. ಕಾಗದ ಪತ್ರ ಏನೂ ಇರಲಿಲ್ಲ.

ಅಲ್ಲಿ ಸೇನೆಗೆ ಸೇರಿದ. ಹವಾಯಿಯ ಫೋರ್ಟ್ ಶಾಫ್ಟರ್‌ನಲ್ಲಿದ್ದ, ಆಮೇಲೆ ಫ್ಲೋರಿಡಾಕ್ಕೆ ಬಂದ. ಅಲ್ಲಿ ರಜೆ ಹಾಕದೆ ನಾಪತ್ತೆಯಾಗಿ ಸಿಕ್ಕಿಬಿದ್ದ. ಒಂಟಿ ಸೆರೆಯ ಶಿಕ್ಷೆ ಆಯಿತು. ಹೊರಬರುವಾಗ ಮನಸ್ಸು ಹದ ತಪ್ಪಿತ್ತು. ಆಸ್ಪತ್ರೆ ಸೇರಿಸಿ, ಕೊನೆಗೆ ಸೇನೆಯಿಂದ ಬಿಡಿಸಿ ಕಳಿಸಿದರು. ಆಮೇಲೆ ಊರೂರು ಸುತ್ತುವ ಜಾತ್ರೆ ತಂಡಗಳಲ್ಲಿ ದುಡಿದ. ಫ್ಲೋರಿಡಾದ ಟಾಂಪಾದಲ್ಲಿ ಬೀದಿ ನಾಯಿ ಹಿಡಿಯುವ ಕೆಲಸ ಮಾಡುತ್ತಲೇ ಅಲ್ಲೊಂದು ಸಾಕುಪ್ರಾಣಿಗಳ ಸ್ಮಶಾನ ಶುರುಮಾಡಿದ. ದುಃಖದಲ್ಲಿದ್ದವರಿಗೂ ಏನಾದರೂ ಮಾರಬಹುದು ಅನ್ನುವುದು ಅವನಿಗೆ ಆಗಲೇ ತಿಳಿದಿತ್ತು. ಮುಂದೆ ಎಲ್ವಿಸ್ ಹೆಸರಿನ ಬ್ಯಾಡ್ಜ್ ಮಾರುವಾಗ ಜೊತೆಗೆ ‘ನನಗೆ ಎಲ್ವಿಸ್ ಕಂಡರಾಗದು’ ಅನ್ನುವ ಬ್ಯಾಡ್ಜನ್ನೂ ಅವನೇ ಮಾಡಿಸಿ ಮಾರಿದ. ಬೈಯುವವರ ದುಡ್ಡು ಯಾಕೆ ಬಿಡಬೇಕು, ಅಲ್ವಾ?

ಇಷ್ಟು ಗೊತ್ತಾದ ಮೇಲೆ ಪಾಸ್‌ಪೋರ್ಟ್ ವಾದ ಗಟ್ಟಿ ಅನ್ನಿಸುತ್ತದೆ. ದೇಶ ಬಿಟ್ಟರೆ ವಾಪಸ್ ಬಿಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬ ಹೆದರಿಕೆ. ಅರ್ಜಿ ಹಾಕಿದರೆ ಹಳೆಯ ಕಡತ ತೆರೆಯುತ್ತದೆ ಎಂಬ ಹೆದರಿಕೆ. 1960ರ ಸುಮಾರಿಗೆ ಬ್ರೆಡಾದ ಮನೆಯವರು ಪತ್ರಿಕೆಯಲ್ಲಿ ಎಲ್ವಿಸ್ ಪಕ್ಕ ನಿಂತವನ ಫೋಟೊ ನೋಡಿ ‘ಇವನು ನಮ್ಮವನೇ’ ಅಂತ ಗುರುತು ಹಿಡಿದರು. ತಮ್ಮನೊಬ್ಬ ಅಮೆರಿಕಕ್ಕೇ ಬಂದು ಭೇಟಿಯಾದ. ಪಾರ್ಕರ್ ಮಾತಾಡಿಸಿ ಕಳಿಸಿದ, ಗುಟ್ಟು ಮಾತ್ರ ಬಿಡಲಿಲ್ಲ.

ಆದರೆ ಇಲ್ಲೇ ನನಗೊಂದು ತಕರಾರು. ಪಾರ್ಕರ್ ಹೋಗದಿದ್ದರೆ ಎಲ್ವಿಸ್ ಯಾಕೆ ಹೋಗಬಾರದಿತ್ತು? 1970ರ ದಶಕದಲ್ಲಿ ಎಲ್ವಿಸ್‌ನ ಪ್ರವಾಸಗಳ ದಿನನಿತ್ಯದ ವ್ಯವಸ್ಥೆ ನೋಡುತ್ತಿದ್ದವರು ಜೆರಿ ವೈನ್‌ಟ್ರಾಬ್, ಟಾಮ್ ಹ್ಯೂಲೆಟ್ ಅನ್ನುವ ನುರಿತ ಆಯೋಜಕರು. ಹ್ಯೂಲೆಟ್‌ನ ಕಂಪನಿಗೆ ದೊಡ್ಡ ದೊಡ್ಡ ರಾಕ್ ತಂಡಗಳನ್ನು ಸುತ್ತಿಸಿ ಅಭ್ಯಾಸವಿತ್ತು. ಅವರ ಜೊತೆ ಕಳಿಸಿದ್ದರೆ ಮುಗಿಯುತ್ತಿತ್ತು. ಇನ್ನು ಪೌರತ್ವದ ವಿಷಯ. ಪಾರ್ಕರ್ ಅಮೆರಿಕದ ಸೇನೆಯಲ್ಲಿ ಇದ್ದವನು, ಅಮೆರಿಕದವಳನ್ನೇ ಮದುವೆಯಾದವನು. ಅಧ್ಯಕ್ಷ ಲಿಂಡನ್ ಜಾನ್ಸನ್‌ವರೆಗೆ ಪರಿಚಯ ಇಟ್ಟುಕೊಂಡವನು. ಮನಸ್ಸು ಮಾಡಿದ್ದರೆ ದಾರಿ ಸಿಗುತ್ತಿರಲಿಲ್ಲ ಅಂತ ನಂಬುವುದು ಕಷ್ಟ.

ನನ್ನ ಪ್ರಕಾರ ದೊಡ್ಡ ಹೆದರಿಕೆ ಇನ್ನೊಂದಿತ್ತು. ತಾನಿಲ್ಲದ ಕಡೆ ಎಲ್ವಿಸ್ ತಿಂಗಳುಗಟ್ಟಲೆ ಬೇರೆಯವರ ಜೊತೆ ಇದ್ದರೆ, ‘ನಿನ್ನ ಮ್ಯಾನೇಜರ್‌ಗೆ ಇಷ್ಟೊಂದು ಯಾಕೆ ಕೊಡುತ್ತೀಯ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳುವಂಥ ಲೆಕ್ಕವೇ ಅದು. 1967ರ ಒಪ್ಪಂದದ ನಂತರ ಪಾರ್ಕರ್‌ನ ಪಾಲು ಕೆಲವು ಬಾಬ್ತುಗಳಲ್ಲಿ ನೂರಕ್ಕೆ 50. 1973ರಲ್ಲಿ ಎಲ್ವಿಸ್‌ನ ಅಲ್ಲಿಯವರೆಗಿನ ಎಲ್ಲ ರೆಕಾರ್ಡಿಂಗ್‌ಗಳ ಮುಂದಿನ ರಾಯಲ್ಟಿಯನ್ನು ಆರ್‌ಸಿಎ ಕಂಪನಿಗೆ 54 ಲಕ್ಷ ಡಾಲರ್‌ಗೆ ಮಾರಿಬಿಟ್ಟರು. ಅದನ್ನೂ ಇಬ್ಬರೂ ಅರ್ಧರ್ಧ ಹಂಚಿಕೊಂಡರು. ಅದರ ಜೊತೆಗೇ ಆದ ಬೇರೆ ಒಪ್ಪಂದಗಳನ್ನು ಸೇರಿಸಿದರೆ ಹಾಡಿದವನಿಗಿಂತ ಮ್ಯಾನೇಜರ್‌ಗೇ ಜಾಸ್ತಿ ಸಿಕ್ಕಿತು.

ಈ ಅರ್ಧ ಪಾಲಿನ ಚಟ ಹೊರಗಿನವರ ಮೇಲೂ ನಡೆಯುತ್ತಿತ್ತು. ಹಾಡುಗಾರ್ತಿ ಡಾಲಿ ಪಾರ್ಟನ್ 1974ರಲ್ಲಿ ತಾವೇ ಬರೆದ ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡಿನಿಂದ ಹೆಸರು ಮಾಡಿದಾಗ ಎಲ್ವಿಸ್ ಅದನ್ನು ಹಾಡಲು ಆಸೆಪಟ್ಟ. ಡಾಲಿಗೆ ಎಲ್ಲಿಲ್ಲದ ಖುಷಿ. ರೆಕಾರ್ಡಿಂಗ್‌ಗೆ ಮೊದಲು ಪಾರ್ಕರ್ ಫೋನ್ ಮಾಡಿದ. ಎಲ್ವಿಸ್ ಹಾಡಬೇಕಾದರೆ ಹಾಡಿನ ಹಕ್ಕಿನಲ್ಲಿ ಅರ್ಧ ನಮಗೆ ಬರಬೇಕು ಅಂದ. ಡಾಲಿ ರಾತ್ರಿಯೆಲ್ಲ ಅತ್ತರು, ಆದರೂ ಒಪ್ಪಲಿಲ್ಲ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು ಹಾಡಿದಾಗ ಬಂದ ದುಡ್ಡು ಪೂರ್ತಿ ಅವರ ಕೈಯಲ್ಲೇ ಉಳಿಯಿತು. ಇಲ್ಲ ಅನ್ನುವ ಗುಂಡಿಗೆ ಎಲ್ವಿಸ್‌ಗೂ ಇದ್ದಿದ್ದರೆ ಅಂತ ಇಲ್ಲಿ ಅನ್ನಿಸದೆ ಇರುವುದಿಲ್ಲ.

ಲಾಸ್ ವೇಗಸ್ ಸೇರಿಸಿ ನೋಡಿದರೆ ಚಿತ್ರ ಪೂರ್ತಿಯಾಗುತ್ತದೆ. 1969ರ ಜುಲೈ 31ರಿಂದ ಅಲ್ಲಿನ ಇಂಟರ್‌ನ್ಯಾಷನಲ್ ಹೋಟೆಲಿನಲ್ಲಿ ನಾಲ್ಕು ವಾರಕ್ಕೆ 57 ಪ್ರದರ್ಶನ. ಎಂಟು ವರ್ಷ ದೂರವಿದ್ದ ವೇದಿಕೆಗೆ ಅವನು ಮರಳಿದ್ದು ಹೀಗೆ. ಆ ಸಲದ ಎಲ್ವಿಸ್ ಬೆಂಕಿ, ರೆಕಾರ್ಡಿಂಗ್ ಸಿಕ್ಕರೆ ಕೇಳಿ ನೋಡಿ. ಹೋಟೆಲಿನವರು ಖುಷಿಯಾಗಿ ಐದು ವರ್ಷದ ಒಪ್ಪಂದಕ್ಕೆ ಬಂದರು. ಅದರ ಷರತ್ತುಗಳನ್ನು ಪಾರ್ಕರ್ ಊಟದ ಮೇಜಿನ ಬಟ್ಟೆಯ ಮೇಲೇ ಗೀಚಿದನಂತೆ. ವಾರಕ್ಕೆ 1,25,000 ಡಾಲರ್, ವರ್ಷ ಕಳೆದರೂ ಏರಿಕೆ ಇಲ್ಲ. ಕೆಳಗೆ ಅದೇ ಹೋಟೆಲಿನ ಜೂಜಿನ ಮೇಜುಗಳಲ್ಲಿ ಪಾರ್ಕರ್ ದುಡ್ಡು ಸುರಿಯುತ್ತಿದ್ದ. ಮೇಲೆ ಎಲ್ವಿಸ್ ದಿನಕ್ಕೆರಡು ಸಲ ಹಾಡುತ್ತಿದ್ದ. ಹೀಗಿರುವಾಗ ಟೋಕಿಯೊಗೆ ಯಾರು ಕಳಿಸುತ್ತಾರೆ?

ಹೊರದೇಶದ ಬೇಡಿಕೆ ನಿಲ್ಲಲಿಲ್ಲ. ಅದಕ್ಕೆ ಪಾರ್ಕರ್ ಕಂಡುಕೊಂಡ ಉಪಾಯ ಮಾತ್ರ ಮೆಚ್ಚುವಂಥದ್ದು, ಅದನ್ನು ಒಪ್ಪಲೇಬೇಕು. ಎಲ್ವಿಸ್‌ನನ್ನು ಕಳಿಸುವ ಬದಲು ಉಪಗ್ರಹದಲ್ಲಿ ಕಳಿಸಿದ. 1973ರ ಜನವರಿ 14, ಹವಾಯಿಯ ಹೊನೊಲುಲು. ಕಾರ್ಯಕ್ರಮ ಶುರುವಾದದ್ದು ನಡುರಾತ್ರಿ ಕಳೆದು 12.30ಕ್ಕೆ, ಯಾಕೆಂದರೆ ಜಪಾನಿನಲ್ಲಿ ಅದು ಸಂಜೆ ಜನ ಟಿವಿ ಮುಂದೆ ಕೂರುವ ಹೊತ್ತು. ಎದೆಯ ಮೇಲೆ ಹದ್ದಿನ ಚಿತ್ರವಿದ್ದ ಬಿಳಿ ಉಡುಗೆ ತೊಟ್ಟು ಹಾಡಿದ, ಕೊನೆಯಲ್ಲಿ ಹೆಗಲ ಮೇಲಿದ್ದ ಮೇಲುಹೊದಿಕೆಯನ್ನು ಜನರತ್ತ ಬೀಸಿ ಎಸೆದ. ಜಪಾನ್, ಕೊರಿಯಾ, ಆಸ್ಟ್ರೇಲಿಯಾ ಕಡೆಯವರು ನೇರವಾಗಿ ನೋಡಿದರೆ ಅಮೆರಿಕದವರಿಗೆ ಕಾಣಿಸಿದ್ದು ಏಪ್ರಿಲ್‌ನಲ್ಲಿ. ‘ನೂರು ಕೋಟಿ ಜನ ನೋಡಿದರು’ ಅನ್ನುವ ಮಾತು ಈಗಲೂ ಓಡಾಡುತ್ತದೆ. ಅದು ಪ್ರಚಾರದ ಲೆಕ್ಕ, ನಂಬಬೇಡಿ. ಕ್ಯಾನ್ಸರ್ ನಿಧಿಗೆ 75,000 ಡಾಲರ್ ಕೂಡಿದ್ದು ಮಾತ್ರ ನಿಜ, ಗುರಿ ಇಟ್ಟುಕೊಂಡಿದ್ದು 25,000.

ಎಲ್ವಿಸ್ ಯಾಕೆ ಹಟ ಹಿಡಿಯಲಿಲ್ಲ ಅಂತ ನೀವು ಕೇಳಬಹುದು. ಒಮ್ಮೆ ಹಿಡಿದ. 1973ರ ಸೆಪ್ಟೆಂಬರ್‌ನಲ್ಲಿ ವೇಗಸ್ ವೇದಿಕೆಯ ಮೇಲೆಯೇ ಹೋಟೆಲ್ ಮಾಲೀಕನನ್ನು ಬೈದ. ಅದರಿಂದ ಪಾರ್ಕರ್ ಜೊತೆ ದೊಡ್ಡ ಜಗಳ. ‘ನೀನು ಬೇಡ’ ಅಂತ ಎಲ್ವಿಸ್, ‘ನನ್ನ ಬಾಕಿ ಚುಕ್ತಾ ಮಾಡು’ ಅಂತ ಪಾರ್ಕರ್. ಬಾಕಿಯ ಪಟ್ಟಿ ಬಂತು. ಅದನ್ನು ನೋಡಿದ ಮೇಲೆ ಎಲ್ವಿಸ್ ಮತ್ತು ಅವನ ತಂದೆ ವರ್ನನ್ ಇಬ್ಬರೂ ಮೆತ್ತಗಾದರು. ಅಷ್ಟು ಹೊತ್ತಿಗೆ ಎಲ್ವಿಸ್ ಆರೋಗ್ಯವೂ ಕೆಟ್ಟಿತ್ತು, ಮಾತ್ರೆಗಳ ಹಿಡಿತವೂ ಬಿಗಿಯಾಗಿತ್ತು. ಅಷ್ಟೆಲ್ಲ ಮಾತ್ರೆ ಇಟ್ಟುಕೊಂಡು ಬೇರೆ ದೇಶದ ಕಸ್ಟಮ್ಸ್ ದಾಟುವುದೂ ಸುಲಭವಿರಲಿಲ್ಲ. ಹಾಗಾಗಿ ಕೊನೆಯ ವರ್ಷಗಳಲ್ಲಿ ಪಾರ್ಕರ್ ತಡೆಯದೆ ಇದ್ದಿದ್ದರೂ ಅವನು ಹೋಗುತ್ತಿದ್ದನೋ ಇಲ್ಲವೋ ಹೇಳಲಾಗದು. ಹೋಗಬೇಕಿದ್ದ ಕಾಲ 1970ರಿಂದ 72. ಆ ಮೂರು ವರ್ಷ ಸುಮ್ನೆ ಕೈಬಿಟ್ಟು ಹೋಯಿತು.

ಎಲ್ವಿಸ್ ಸತ್ತ ಮೇಲೆ, ಮಗಳು ಲೀಸಾ ಮರೀ ಇನ್ನೂ ಚಿಕ್ಕವಳಾದ್ದರಿಂದ, ಅವಳ ಹಿತ ಕಾಯಲು ಮೆಂಫಿಸ್‌ನ ನ್ಯಾಯಾಲಯ 1980ರಲ್ಲಿ ಬ್ಲಾಂಚರ್ಡ್ ಟ್ಯೂಲ್ ಅನ್ನುವ ವಕೀಲರನ್ನು ನೇಮಿಸಿತು. ಅವರು ಹಳೆಯ ಲೆಕ್ಕಗಳನ್ನೆಲ್ಲ ಬಗೆದು, ಪಾರ್ಕರ್ ತನ್ನ ಕಲಾವಿದನ ಹಿತ ನೋಡಲಿಲ್ಲ ಅಂತ ವರದಿ ಕೊಟ್ಟರು. ಕೇಸು ಕೋರ್ಟಿಗೆ ಬಂತು. ಆಗ ಪಾರ್ಕರ್ ತಾನೇ ಗುಟ್ಟು ಒಡೆದ. ನಾನು ಅಮೆರಿಕದ ಪ್ರಜೆ ಅಲ್ಲ, ಅನುಮತಿಯಿಲ್ಲದೆ ಬೇರೆ ದೇಶದ ಸೇನೆ ಸೇರಿದ್ದರಿಂದ ನೆದರ್ಲೆಂಡ್ಸ್ ಪ್ರಜೆಯೂ ಅಲ್ಲ, ಯಾವ ದೇಶಕ್ಕೂ ಸೇರದವನ ಮೇಲೆ ಈ ಕೋರ್ಟಿನಲ್ಲಿ ದಾವೆ ನಡೆಯುವುದಿಲ್ಲ ಅಂತ ವಾದ ಹೂಡಿದ. 1983ರಲ್ಲಿ ಎರಡೂ ಕಡೆಯವರು ರಾಜಿ ಮಾಡಿಕೊಂಡರು. ಪಾರ್ಕರ್ 1997ರಲ್ಲಿ, 87ನೇ ವಯಸ್ಸಿನಲ್ಲಿ, ಲಾಸ್ ವೇಗಸ್‌ನಲ್ಲೇ ಸತ್ತ.