ಓವರ್‌ಕ್ಲಾಕಿಂಗ್ ಎಂದರೇನು? ಕಡಿಮೆ ಬಜೆಟ್‌ನವರಿಗೆ ಅದು ಬೇಕಾ?

ಪ್ರೊಸೆಸರ್ ವಿವರದಲ್ಲಿ 3.6 ಗಿಗಾಹರ್ಟ್ಸ್ ಎಂದು ಬರೆದಿರುತ್ತದಲ್ಲ, ಅದು ಒಂದು ಗುಣಾಕಾರದ ಉತ್ತರ. ಮದರ್‌ಬೋರ್ಡ್ 100 ಮೆಗಾಹರ್ಟ್ಸ್ ಕ್ಲಾಕ್ ಕೊಡುತ್ತದೆ, ಪ್ರೊಸೆಸರ್ ಅದನ್ನು 36ರಿಂದ ಗುಣಿಸಿಕೊಳ್ಳುತ್ತದೆ. ಈ 36ಕ್ಕೆ ಮಲ್ಟಿಪ್ಲೈಯರ್ ಎನ್ನುತ್ತಾರೆ. ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ, ಅದನ್ನು 40 ಮಾಡಿದರೆ 4 ಗಿಗಾಹರ್ಟ್ಸ್. ಹೀಗೆ ಕಂಪನಿ ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಚಿಪ್ ಓಡಿಸುವುದೇ ಓವರ್‌ಕ್ಲಾಕಿಂಗ್.

ಮಲ್ಟಿಪ್ಲೈಯರ್‌ಗೆ ಬೀಗ ಹಾಕಿದ್ದರೆ? 1998ರ ಸೆಲೆರಾನ್ 300ಎ ಚಿಪ್‌ನಲ್ಲಿ ಅದು 4.5ಕ್ಕೆ ಲಾಕ್ ಆಗಿತ್ತು. ಜನ ಬೋರ್ಡಿನ ಬಸ್ ವೇಗವನ್ನೇ, ಅಂದರೆ ಗುಣಿಸಲು ಅದು ಕೊಡುವ ಕ್ಲಾಕನ್ನೇ, 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರು. 300ರ ಅಗ್ಗದ ಚಿಪ್ 450ರಲ್ಲಿ ಓಡಿತು! ಓವರ್‌ಕ್ಲಾಕಿಂಗ್ ಅಂದರೆ ದುಡ್ಡು ಉಳಿಸೋ ದಾರಿ ಎಂಬ ಮಾತು ಗಟ್ಟಿಯಾಗಿದ್ದು ಇಂಥ ಚಿಪ್‌ಗಳಿಂದ.

ಈಗ ಆ ಲೆಕ್ಕ ಅಷ್ಟು ಸರಿಹೊಂದುವುದಿಲ್ಲ. ಎಎಂಡಿ ಕಂಪನಿಯ ರೈಜೆನ್ 5 3600 ತಗೊಳ್ಳಿ. ಆರು ಕೋರ್ (ಚಿಪ್‌ನೊಳಗೆ ಬೇರೆ ಬೇರೆಯಾಗಿ ಕೆಲಸ ಮಾಡುವ ಭಾಗಗಳು), ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲುಗಳು). ಮೂಲ ವೇಗ 3.6, ಆದರೆ ಭಾರ ಒಂದೆರಡು ಕೋರ್ ಮೇಲಷ್ಟೇ ಇದ್ದಾಗ ಬೂಸ್ಟ್‌ನಲ್ಲಿ ತಾನಾಗಿಯೇ 4.2ರವರೆಗೆ ಹೋಗುತ್ತದೆ. ನೀವು ಕಷ್ಟಪಟ್ಟು ಆರೂ ಕೋರ್‌ಗಳನ್ನು 4.1ಕ್ಕೆ ನಿಲ್ಲಿಸಿದಿರಿ ಅನ್ನಿ. ವಿಡಿಯೋ ರೆಂಡರ್ ಸ್ವಲ್ಪ ಬೇಗ ಮುಗಿಯಬಹುದು. ಒಂದೆರಡು ಕೋರ್ ಮೇಲೆಯೇ ಭಾರ ಹಾಕುವ ಗೇಮ್‌ನಲ್ಲಿ ಮಾತ್ರ ಮೊದಲಿಗಿಂತ ನಿಧಾನ ಆದರೂ ಆದೀತು. ಯಾಕೆಂದರೆ 4.2ರ ಬೂಸ್ಟ್ ಕೈಬಿಟ್ಟಿತು. ಉಳಿದ ಸಾಮರ್ಥ್ಯವನ್ನು ಕಂಪನಿಯೇ ಹಿಂಡಿ ಕೊಟ್ಟಿರುವಾಗ ನಮಗೆ ಸಿಗುವುದು ಚೂರುಪಾರು.

ಅದೂ ಪುಕ್ಕಟೆಯಲ್ಲ. ವೇಗ ಏರಿಸಿದಾಗ ಸಿಸ್ಟಂ ಹ್ಯಾಂಗ್ ಆಗದಿರಲು ಸಾಮಾನ್ಯವಾಗಿ ವೋಲ್ಟೇಜ್ ಏರಿಸಬೇಕು. ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೋಲ್ಟೇಜ್ ಶೇ 10 ಏರಿದರೆ ಖರ್ಚು ಸುಮಾರು ಶೇ 21 ಏರಿತು, ವೇಗದ ಪಾಲು ಬೇರೆ. ಅದೆಲ್ಲ ಬಿಸಿಯಾಗಿ ಹೊರಬರುತ್ತದೆ. ಫ್ಯಾನ್ ಕೂಲರ್ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ರಾಯಚೂರಿನ ಮೇ ತಿಂಗಳಲ್ಲಿ ಡಬ್ಬಿಯ ಜೊತೆ ಬರುವ ಚಿಕ್ಕ ಕೂಲರ್ ನಂಬಿಕೊಂಡು ಈ ಸಾಹಸ ಬೇಡ. ಇದರಿಂದ ಚಿಪ್ ಹಾಳಾದರೆ ವಾರಂಟಿಯೂ ಸಿಗುವುದಿಲ್ಲ.

ಹಾಗಾದರೆ ಗೇಮಿಂಗ್‌ಗೆ ಏನು ನೋಡಬೇಕು? ಮೊದಲು ಕೋರ್ ಸಾಕಷ್ಟಿದೆಯಾ ಅಂತ. ಇದಕ್ಕೆ 2014ರ ಪೆಂಟಿಯಂ ಜಿ3258 ಒಳ್ಳೆ ಪಾಠ. ಅಗ್ಗದ ಚಿಪ್, ಎರಡೇ ಕೋರ್, ಎರಡೇ ಥ್ರೆಡ್, ಮಲ್ಟಿಪ್ಲೈಯರ್ ಲಾಕ್ ಇಲ್ಲ. 3.2ರಿಂದ 4ರ ಆಚೆಗೆ ಆರಾಮಾಗಿ ಹೋಗುತ್ತಿತ್ತು. ಅದೇ ವರ್ಷದ ಕೊನೆಗೆ ಫಾರ್ ಕ್ರೈ 4 ಬಂತು. ಎರಡೇ ಥ್ರೆಡ್ ಇರುವ ಪ್ರೊಸೆಸರ್‌ಗಳಲ್ಲಿ ಪರದೆ ಕಪ್ಪಾಗಿ ನಿಂತುಬಿಡುತ್ತಿತ್ತು. ಎಷ್ಟು ಗಿಗಾಹರ್ಟ್ಸ್ ಇದ್ದರೇನು, ಗೇಮೇ ಶುರುವಾಗದಿದ್ದರೆ?

ಹಾಗಂತ ಕೋರ್ ಲೆಕ್ಕ ಒಂದೇ ಸಾಲದು. ರೈಜೆನ್ 5 5500, 5600 ಎರಡರಲ್ಲೂ ಆರು ಕೋರ್. ಆದರೆ ಮೊದಲನೆಯದರಲ್ಲಿ ಎಲ್3 ಕ್ಯಾಶ್ (ಚಿಪ್‌ನೊಳಗೇ ಇರುವ ವೇಗದ ಮೆಮೊರಿ) 16 ಎಂಬಿ, ಎರಡನೆಯದರಲ್ಲಿ 32. ಗೇಮ್‌ಗಳಿಗೆ ಕ್ಯಾಶ್ ಅಂದ್ರೆ ಬಲು ಇಷ್ಟ. ಬೆಲೆಯ ವ್ಯತ್ಯಾಸ ಚಿಕ್ಕದಿದ್ದರೆ ನಾನಂತೂ 5600 ಕಡೆಗೆ.

ಇಷ್ಟಾದರೂ ಓವರ್‌ಕ್ಲಾಕ್ ಮಾಡಲೇಬೇಕು ಅಂತಿದ್ದರೆ, ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್‌.ಪಿ. ರೋಡಿಗೆ ಹೋಗುವ ಮುಂಚೆ ಬೋರ್ಡಿನ ಚಿಪ್‌ಸೆಟ್ (ಬೋರ್ಡಿನಲ್ಲಿ ಏನೆಲ್ಲ ಸೌಲಭ್ಯ ಇದೆ ಎಂದು ನಿರ್ಧರಿಸುವ ಚಿಪ್) ಯಾವುದು ಅಂತ ನೋಡಿಕೊಳ್ಳಿ. ರೈಜೆನ್ 5600ರ ಮಲ್ಟಿಪ್ಲೈಯರ್ ಲಾಕ್ ಆಗಿಲ್ಲ, ಆದರೆ ಎ520 ಬೋರ್ಡಿನಲ್ಲಿ ಅದನ್ನು ಏರಿಸಲು ಬರುವುದಿಲ್ಲ. ಬಿ450 ಅಥವಾ ಬಿ550 ಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರುವ ಚಿಪ್, ಜೊತೆಗೆ ಝಡ್ ಸರಣಿಯ ಬೋರ್ಡ್. ಐ5 12400ಎಫ್ ಒಳ್ಳೆಯ ಚಿಪ್ಪೇ, ಆದರೆ ಮಲ್ಟಿಪ್ಲೈಯರ್ ಲಾಕ್. ಅದಕ್ಕೆ ದುಬಾರಿ ಝಡ್ ಬೋರ್ಡ್ ಹಾಕುವುದು ಸುಮ್ನೆ ದಂಡ. ಆ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ.