ಓಡುವ ಬೋಟಿನಲ್ಲಿ ನಿಂತರೆ ಕೈ ಎಲ್ಲಿರಬೇಕು?

ಪ್ರಶ್ನೆ: ಬೋಟಿನಲ್ಲಿ ಎಷ್ಟೋ ಸಲ ಸೀಟು ಸಿಗದೆ ನಿಂತೇ ಹೋಗಬೇಕಾಗುತ್ತದೆ. ಆಗ ಹತ್ತಿರ ಏನಿದೆಯೋ ಅದನ್ನು ಹಿಡಿದುಕೊಂಡರೆ ಸಾಕಲ್ವಾ? ಅದಕ್ಕೆಂದೇ ಬೇರೆ ಹಿಡಿಕೆ ಬೇಕಾ?

ಉತ್ತರ: ಬೇಕು. ಹಿಡಿಯಲು ಸಿಗುವುದೆಲ್ಲ ಹಿಡಿಕೆ ಅಲ್ಲ.

ಇದನ್ನು ನಾನು ಕಲಿತದ್ದು ಸ್ವಲ್ಪ ನಾಚಿಕೆಪಟ್ಟುಕೊಂಡೇ. ಒಮ್ಮೆ ಬೋಟಿನಲ್ಲಿ ನಿಂತವನು ತಲೆಯ ಮೇಲೆ ನೆರಳಿಗೆ ಹೊದಿಸಿದ್ದ ಬಟ್ಟೆಯ ಪೈಪನ್ನು ಹಿಡಿದುಕೊಂಡಿದ್ದೆ. ಕೈಗೆ ಸರಿಯಾದ ಎತ್ತರ, ತಣ್ಣಗೆ, ನುಣ್ಣಗೆ ಇತ್ತು. ಎದುರಿನಿಂದ ದೊಡ್ಡ ಬೋಟೊಂದು ಹಾದುಹೋಯಿತು. ಅದು ಹೋಗಿ ಸ್ವಲ್ಪ ಹೊತ್ತಾದ ಮೇಲೆ ಅದರ ಅಲೆ ನಮ್ಮ ಪಕ್ಕಕ್ಕೆ ಬಡಿಯಿತು. ಪೈಪು ಬುಡದ ಪಿನ್ನಿನಿಂದ ಕಳಚಿ ಕೈಗೇ ಬಂತು. ಅದರ ಸಮೇತ ಹೋಗಿ ಪಕ್ಕದವರ ಮಡಿಲಲ್ಲಿ ಕೂತೆ. 'ಅಂತೂ ನಿಮಗೂ ಸೀಟು ಸಿಕ್ಕಿತು' ಅಂತ ಅವರು ನಕ್ಕರು. ನಾನು ಅಂಚಿನ ಕಡೆ ವಾಲಿದ್ದರೆ ಯಾರೂ ನಗುತ್ತಿರಲಿಲ್ಲ.

ಆ ಪೈಪು ಮಾಡಿದ್ದೇ ಬಟ್ಟೆ ಹೊರುವುದಕ್ಕೆ, ಮನುಷ್ಯರನ್ನಲ್ಲ. ಗಾಜಿನ ಚೌಕಟ್ಟು, ಬಾವುಟದ ಕೋಲು, ಆಂಟೆನಾ, ಮಡಚುವ ಕುರ್ಚಿಯ ಬೆನ್ನು ಎಲ್ಲವೂ ಇದೇ ಜಾತಿ. ಚಾಲಕನ ಚಕ್ರವಂತೂ ಬೇಡವೇ ಬೇಡ. ನೀವು ಜೋಲಿ ಹೊಡೆದರೆ ಬೋಟೂ ಅದೇ ಕಡೆ ತಿರುಗುತ್ತದೆ.

ಹಿಡಿಕೆಯ ಮೇಲೆ ಎಷ್ಟು ಭಾರ ಬೀಳುತ್ತದೆ? ಸಣ್ಣ ಲೆಕ್ಕ ನೋಡಿ. ಗಂಟೆಗೆ 30 ಕಿ.ಮೀ. ವೇಗದ ಬೋಟು 2 ಸೆಕೆಂಡಿನಲ್ಲಿ ನಿಂತಿತು ಅಂದುಕೊಳ್ಳಿ. 60 ಕೆ.ಜಿ. ತೂಕದವರನ್ನು ಯಾರೋ ಸುಮಾರು 25 ಕೆ.ಜಿ. ಬಲದಿಂದ ಮುಂದಕ್ಕೆ ಎಳೆದಂತಾಗುತ್ತದೆ. ಮರಳದಿಬ್ಬಕ್ಕೆ ತಾಗಿ ಒಂದೇ ಸೆಕೆಂಡಿನಲ್ಲಿ ನಿಂತರೆ 50 ಕೆ.ಜಿ. ಅದೂ ಒದ್ದೆ ಕೈಯಲ್ಲಿ ತಡೆಯಬೇಕು. ಬಸ್ಸಾದರೆ ಜಾಸ್ತಿ ಎಳೆಯುವುದು ಹಿಂದೆ ಮುಂದೆ. ಬೋಟು ಹಾಗಲ್ಲ, ಪಕ್ಕಕ್ಕೂ ವಾಲುತ್ತದೆ, ಕಾಲಡಿಯಿಂದ ಎತ್ತಿಯೂ ಹಾಕುತ್ತದೆ. ಎತ್ತಿ ಹಾಕುವುದೇ ಮೋಸ. ಮುಂದಿನ ತುದಿ ಅಲೆ ಏರಿ ಧೊಪ್ಪನೆ ಇಳಿಯುವಾಗ ಅಲ್ಲಿ ನಿಂತವರ ಪಾದ ಒಂದು ಕ್ಷಣ ನೆಲ ಬಿಟ್ಟಿರುತ್ತದೆ. ನಿಲ್ಲಲೇಬೇಕಾದರೆ ನಡುಭಾಗಕ್ಕೋ ಅದಕ್ಕಿಂತ ಸ್ವಲ್ಪ ಹಿಂದಕ್ಕೋ ಬನ್ನಿ, ಅಲ್ಲಿ ಕುಣಿತ ಕಡಿಮೆ.

ಒಳ್ಳೆಯ ಹಿಡಿಕೆ ಹೇಗಿರುತ್ತದೆ ಅಂದರೆ, ಬೆರಳು ಪೂರ್ತಿ ಸುತ್ತಿ ಹೆಬ್ಬೆರಳು ಅದರ ಮೇಲೆ ಕೂರಬೇಕು. 25 ಮಿ.ಮೀ. ಆಸುಪಾಸಿನ ಉಕ್ಕಿನ ಕೊಳವೆ ಬೋಟುಗಳಲ್ಲಿ ಸಾಮಾನ್ಯ. ಗೋಡೆಗೂ ಕೊಳವೆಗೂ ನಡುವೆ ಗೆಣ್ಣು ತರಚದಷ್ಟು ಜಾಗ ಇರಬೇಕು. ಎತ್ತರ ಸೊಂಟಕ್ಕೂ ಭುಜಕ್ಕೂ ಮಧ್ಯೆ.

ಅಂಚಿನ ಕಂಬಿಯನ್ನು ನಂಬುವವರು ಜಾಸ್ತಿ. ದೊಡ್ಡ ಹಡಗುಗಳಲ್ಲಿ ಅದು ಸರಿ. ಹಡಗಿಗೆ ಎಷ್ಟು ಭಾರ ತುಂಬಬಹುದು ಅಂತ ಮಿತಿ ಹಾಕುವ 1966ರ ಅಂತರರಾಷ್ಟ್ರೀಯ ಲೋಡ್ ಲೈನ್ ಒಪ್ಪಂದದ ಪ್ರಕಾರ ತೆರೆದ ಡೆಕ್ಕಿನ ಕಂಬಿ ಕನಿಷ್ಠ 1 ಮೀಟರ್ ಎತ್ತರ ಇರಬೇಕು. ಸಣ್ಣ ಬೋಟಿನ ಕಂಬಿ ಎಷ್ಟೋ ಕಡೆ ಮೊಣಕಾಲಿಗೋ ತೊಡೆಗೋ ಬರುತ್ತದೆ. ನಿಂತವರ ದೇಹದ ಭಾರದ ನಡುಬಿಂದು ಇರುವುದು ಹೆಚ್ಚು ಕಡಿಮೆ ಹೊಕ್ಕುಳಿನ ಕೆಳಗೆ. ಕಂಬಿ ಅದಕ್ಕಿಂತ ತಗ್ಗಾಗಿದ್ದರೆ ನಿಮ್ಮನ್ನು ತಡೆಯುವುದಿಲ್ಲ, ಕಾಲಿಗೆ ಅಡ್ಡ ಕೊಟ್ಟು ಆಚೆ ಮಗುಚುತ್ತದೆ. ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ತಳಮಳ.

ಇನ್ನು ಬುಡದ ವಿಷಯ. ಹಿಡಿಕೆ ಎಷ್ಟೇ ದಪ್ಪ ಇರಲಿ, ಅದರ ಶಕ್ತಿ ಇರುವುದು ಕೂರಿಸಿದ ರೀತಿಯಲ್ಲಿ. ಬೋಟಿನ ತೆಳು ಫೈಬರ್ ಹಲಗೆಗೆ ಸುಮ್ನೆ ಸ್ಕ್ರೂ ತಿರುಗಿಸಿದ್ದರೆ ಜಗ್ಗಿದಾಗ ಅದು ಫೈಬರನ್ನೇ ಕಿತ್ತುಕೊಂಡು ಬರುತ್ತದೆ. ಬೋಲ್ಟು ಹಲಗೆಯ ಆಚೆಗೂ ಹೊರಟು, ಹಿಂದೆ ಅಗಲವಾದ ತಗಡು ಕೊಟ್ಟು ನಟ್ಟು ಬಿಗಿದಿರಬೇಕು. ಆಗ ಎಳೆತ ಒಂದು ತೂತಿನ ಮೇಲೆ ಬೀಳದೆ ಹರಡಿಕೊಳ್ಳುತ್ತದೆ. 'ಸ್ಟೇನ್‌ಲೆಸ್ ಸ್ಟೀಲ್, ಏನೂ ಆಗಲ್ಲ' ಅನ್ನುವವರಿದ್ದಾರೆ. ಆ ಉಕ್ಕನ್ನು ಕಾಪಾಡುವುದು ಮೇಲಿನ ತೆಳುವಾದ ಕ್ರೋಮಿಯಂ ಆಕ್ಸೈಡ್ ಪದರ. ಅದು ಉಳಿಯಲು ಆಮ್ಲಜನಕ ಬೇಕು. ಒದ್ದೆ ಮರದೊಳಗೆ ಹೂತ ಬೋಲ್ಟಿಗೆ ಗಾಳಿ ಸಿಗುವುದಿಲ್ಲ, ಉಪ್ಪುನೀರು ಮಾತ್ರ ಸಿಗುತ್ತದೆ. ಹೊರಗೆ ತಲೆ ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ಕತ್ತು ಸವೆದು ಕಡ್ಡಿಯಾಗಿರುತ್ತದೆ. ಬುಡದಿಂದ ಕಂದು ಬಣ್ಣದ ಗೆರೆ ಕೆಳಗಿಳಿದಿದ್ದರೆ ಅನುಮಾನಪಡಿ.

ಪ್ರಯಾಣಿಕರಾಗಿ ನೀವು ಮಾಡಬಹುದಾದ ಪರೀಕ್ಷೆ ಒಂದೇ. ಬೋಟು ಹೊರಡುವ ಮೊದಲು ಹಿಡಿಕೆಯನ್ನು ನಾಲ್ಕೂ ಕಡೆ ಜಗ್ಗಿ ನೋಡಿ. ಅಲುಗಾಡಿದರೆ, ಕಿರ್ ಅಂದರೆ ಬೇರೆ ಜಾಗ ನೋಡಿಕೊಳ್ಳಿ. ಯಾರಾದರೂ ದುರುಗುಟ್ಟಿ ನೋಡಿದರೆ ನೋಡಲಿ ಬಿಡಿ.

ನಿಲ್ಲುವುದಕ್ಕೂ ಒಂದು ರೀತಿ ಇದೆ. ಪಾದ ಭುಜದಷ್ಟು ಅಗಲ, ಮೊಣಕಾಲು ಸ್ವಲ್ಪ ಬಗ್ಗಿರಲಿ. ಮುಖ ಬೋಟು ಹೋಗುವ ದಿಕ್ಕಿಗೆ, ಅಲೆ ಬರುವುದು ಕಾಣಬೇಕಲ್ಲ. 'ಒಂದು ಕೈ ನಿನಗೆ, ಒಂದು ಕೈ ಹಡಗಿಗೆ' ಅಂತ ನಾವಿಕರ ಹಳೆಯ ಮಾತಿದೆ. ಕೆಲಸ ಮಾಡುವಾಗಲೂ ಒಂದು ಕೈ ಹಿಡಿಕೆ ಬಿಡಬಾರದು ಅಂತ ಅರ್ಥ. ಈಗ ಆ ಒಂದು ಕೈಯಲ್ಲಿ ಮೊಬೈಲ್ ಇರುತ್ತದೆ, ಇನ್ನೊಂದರಲ್ಲಿ ಬ್ಯಾಗು. ಜರ್ಕು ಹೊಡೆದ ಮೇಲೆ ಹಿಡಿದುಕೊಳ್ಳೋಣ ಅಂದರೆ ಆಗುವುದಿಲ್ಲ, ಕೈ ಹಿಡಿಕೆ ಹುಡುಕುವಷ್ಟರಲ್ಲಿ ದೇಹ ಹೊರಟಾಗಿರುತ್ತದೆ. ಮೊದಲೇ ಹಿಡಿದಿರಬೇಕು. ಲೈಫ್ ಜಾಕೆಟ್ ಹಾಕಿಕೊಂಡಿದ್ದರೂ ಅಷ್ಟೇ. ಅದು ನೀರಿಗೆ ಬಿದ್ದ ಮೇಲೆ ತೇಲಿಸುತ್ತದೆ, ಬೀಳದಂತೆ ತಡೆಯುವುದಿಲ್ಲ.

ಸಣ್ಣ ಬೋಟಿನಲ್ಲಿ ಹಿಡಿಕೆ ಚೆನ್ನಾಗಿದೆ ಅಂತ ಎಲ್ಲರೂ ಎದ್ದು ನಿಲ್ಲುವುದೂ ಬೇಡ. ಎಲ್ಲರ ಭಾರ ಮೇಲೇರಿದಷ್ಟೂ ಬೋಟು ಮಗುಚುವುದು ಸುಲಭ. ಸೀಟು ಖಾಲಿಯಾದ ಕೂಡಲೇ ಕೂತುಬಿಡಿ.

ಕಟ್ಟೆ ಹತ್ತಿರ ಬಂದಾಗ ಮಾತ್ರ ನಿಯಮ ಸ್ವಲ್ಪ ಬದಲಾಗುತ್ತದೆ. ಅಲ್ಲಿಯವರೆಗೆ ಅಂಚು ಹಿಡಿದಿದ್ದವರು ಕೈ ಒಳಗೆ ತೆಗೆದುಕೊಳ್ಳಬೇಕು. ಬೋಟಿಗೂ ಕಟ್ಟೆಗೂ ನಡುವೆ ಸಿಕ್ಕ ಬೆರಳು ಜಜ್ಜಿಹೋಗುತ್ತದೆ. ಕಟ್ಟೆಗೆ ತಾಗುವಾಗಲೂ ಒಂದು ಜರ್ಕು ಇದ್ದೇ ಇರುತ್ತದೆ, ಆದರೆ ಜನ ಆಗಲೇ ಎದ್ದು ಚೀಲ ಹೆಗಲಿಗೇರಿಸಿ ಎರಡೂ ಕೈ ಬಿಟ್ಟಿರುತ್ತಾರೆ. ಹಗ್ಗ ಕಟ್ಟಿ ಮುಗಿಯುವ ತನಕ ಒಳಗಿನ ಹಿಡಿಕೆ ಬಿಡಬೇಡಿ.