ಎಣ್ಣೆ ಕಬ್ಬಿಣದೊಳಗೆ ಇಳಿಯುವುದಿಲ್ಲ

ಬೀಡುಕಬ್ಬಿಣದ ಬಾಣಲೆ, ಕಾವಲಿಗಳ ಮಾತು ಬಂದಾಗಲೆಲ್ಲ ಒಂದು ಕಥೆ ಕೇಳಿಬರುತ್ತದೆ. ಕಬ್ಬಿಣಕ್ಕೆ ಸಣ್ಣ ಸಣ್ಣ ರಂಧ್ರಗಳಿವೆಯಂತೆ. ಕಾಯಿಸಿದಾಗ ಅವು ತೆರೆದುಕೊಂಡು ಎಣ್ಣೆ ಕುಡಿಯುತ್ತವಂತೆ, ಆರಿದಾಗ ಮುಚ್ಚಿಕೊಳ್ಳುತ್ತವಂತೆ. ಪಾತ್ರೆ ಪಳಗುವುದು ಹೀಗೆ ಅಂತ ಎಷ್ಟೋ ಜನ ನಂಬಿದ್ದಾರೆ. ಕೇಳೋಕೆ ಚೆನ್ನಾಗಿದೆ, ಆದರೆ ನಿಜವಲ್ಲ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಲೋಹದ ಮೇಲ್ಮೈ ತರಿತರಿಯಾಗಿರುತ್ತದೆ, ನಿಜ. ಆ ತಗ್ಗುದಿಣ್ಣೆಗಳು ಬಿಸಿಗೆ ಬಾಯಿ ಬಿಡುವುದಿಲ್ಲ. ಎಣ್ಣೆ ಮೇಲೆಯೇ ನಿಲ್ಲುತ್ತದೆ. ನಿಂತು, ಕೊನೆಗೆ ಎಣ್ಣೆಯಾಗಿಯೇ ಉಳಿಯುವುದಿಲ್ಲ. ಪಳಗಿದ ಬಾಣಲೆಯ ಕಪ್ಪು ಮಿರುಗು ಇದೆಯಲ್ಲ, ಅದು ಎಣ್ಣೆಯಿಂದ ಹುಟ್ಟಿದ ಬೇರೆಯದೇ ವಸ್ತು. ಇದೊಂದು ತಿಳಿದರೆ ಹಳೇ ಪಾತ್ರೆಯನ್ನು ಏನು ಮಾಡಬೇಕು, ಯಾವ ಭಯ ಬೇಡ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮರಳಿನ ಅಚ್ಚು ಅಂದೆನಲ್ಲ, ಅದರ ಹಿಂದೆಯೂ ಒಂದು ಚಂದದ ಇತಿಹಾಸವಿದೆ. ಚೀನಾದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಕಬ್ಬಿಣದ ಎರಕ ಹೊಯ್ಯುತ್ತಿದ್ದರು. ಇಂಗ್ಲೆಂಡಿನಲ್ಲಿ ಅಬ್ರಹಾಂ ಡಾರ್ಬಿ ಎಂಬಾತ 1707ರಲ್ಲಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಮಡಕೆ ಎರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಎರಡು ವರ್ಷದ ನಂತರ, 1709ರಲ್ಲಿ, ಕೋಲ್‌ಬ್ರೂಕ್‌ಡೇಲ್‌ನ ಕುಲುಮೆಯಲ್ಲಿ ಇದ್ದಿಲಿನ ಬದಲು ಕೋಕ್ (ಗಾಳಿಯಿಲ್ಲದೆ ಸುಟ್ಟ ಕಲ್ಲಿದ್ದಲು) ಉರಿಸಿ ಕಬ್ಬಿಣ ಕರಗಿಸಿದ. ಕೈಗಾರಿಕಾ ಕ್ರಾಂತಿಯ ಕಥೆಗಳೆಲ್ಲ ಉಗಿಯಂತ್ರದಿಂದ ಶುರುವಾಗುತ್ತವೆ. ಅಡುಗೆಯ ಮಡಕೆಗೂ ಅದರಲ್ಲಿ ದೊಡ್ಡ ಪಾಲಿದೆ ಅಂತ ನನಗನ್ನಿಸುತ್ತದೆ. ಇವತ್ತು ಸಂಗ್ರಹಕಾರರು ಹುಡುಕುವ ಹಳೇ ಪಾತ್ರೆಗಳಲ್ಲಿ ಹೆಚ್ಚಿನವು ಅಮೆರಿಕದವು: ಪೆನ್ಸಿಲ್ವೇನಿಯಾದ ಈರಿ ಊರಿನ ಗ್ರಿಸ್ವೋಲ್ಡ್, ಒಹಾಯೊದ ಸಿಡ್ನಿಯ ವ್ಯಾಗ್ನರ್ ಕಂಪನಿಗಳವು. ಎರಕ ಹೊಯ್ದ ಮೇಲೆ ಒಳಮೈಯನ್ನು ಉಜ್ಜಿ ನುಣುಪು ಮಾಡುವ ಕೆಲಸ ಆಗ ಇತ್ತು. ಹಳೇ ಬಾಣಲೆ ಮುಟ್ಟಿದರೆ ಅದು ಬೆರಳಿಗೇ ಗೊತ್ತಾಗುತ್ತದೆ.

ಹಳೇ ಪಾತ್ರೆ ಕೈಗೆ ಬಂದರೆ ಮೊದಲು ಅದರ ಸದ್ದು ಕೇಳಿ. ಹಿಡಿಯಲ್ಲಿ ಎತ್ತಿ ಹಿಡಿದು ಮರದ ಸೌಟಿನಿಂದ ತಟ್ಟಿ. ಗಂಟೆಯ ಹಾಗೆ ಠಣ್ ಅಂದರೆ ಸರಿ, ಸದ್ದು ಸತ್ತಂತಿದ್ದರೆ ಎಲ್ಲೋ ಬಿರುಕಿರಬಹುದು. ಬೀಡಿನಲ್ಲಿ ಶೇ. 2ರಿಂದ 4ರಷ್ಟು ಇಂಗಾಲವಿರುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು, ಬೀಡು ಸುಮಾರು 1200ಕ್ಕೇ ಕರಗಿ ಅಚ್ಚಿಗೆ ಹರಿಯುವುದು ಈ ಇಂಗಾಲದಿಂದಲೇ. ಬಿದ್ದರೆ ಒಡೆಯುವುದೂ, ಕಾದಾಗ ತಣ್ಣೀರು ಬಿದ್ದರೆ ಸೀಳುವುದೂ ಅದರಿಂದಲೇ.

ಇನ್ನೊಂದು ಪರೀಕ್ಷೆ ತಪ್ಪಿಸಬೇಡಿ. ಗುಂಡು, ಮೀನುಗಾಳದ ಭಾರ ಎರೆಯಲು ಹಳೇ ಬಾಣಲೆಯಲ್ಲಿ ಸೀಸ ಕರಗಿಸುತ್ತಿದ್ದವರಿದ್ದರು. ಸೀಸ ವಿಷ, ತೊಳೆದರೆ ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ಉಜ್ಜುವುದಕ್ಕೆ ಮುಂಚೆ ಸೀಸ ಪತ್ತೆಹಚ್ಚುವ ಕಿಟ್ ಬಳಸಿ. ಸೀಸ ಕಂಡರೆ ಆ ಪಾತ್ರೆಯಲ್ಲಿ ಅಡುಗೆ ಬೇಡವೇ ಬೇಡ.

ಹಳೇ ಕಿಟ್ಟ (ಸುಟ್ಟು ಗಟ್ಟಿಯಾದ ಜಿಡ್ಡು) ಸುಡಲಿ ಅಂತ ಪಾತ್ರೆಯನ್ನು ಬೆಂಕಿಗೆ ಎಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಳ ಸೊಟ್ಟಗಾಗುತ್ತದೆ, ಮೈ ಕೆಂಪಗಾಗಿ ಮತ್ತೆ ಪಳಗಲು ಒಪ್ಪುವುದಿಲ್ಲ. ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿದರೆ ಸಾಕು, ಕಿಟ್ಟ ಬಿಡುತ್ತದೆ, ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಕೈಗವಸು, ಕನ್ನಡಕ ಬೇಕೇ ಬೇಕು. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ತುಕ್ಕಿಗೆ ವಿನೆಗರ್, ಅಷ್ಟೇ ನೀರು ಬೆರೆಸಿ. ಅರ್ಧ ಗಂಟೆಗೊಮ್ಮೆ ತೆಗೆದು ನೋಡಿ, ತುಕ್ಕು ಮುಗಿದ ಮೇಲೆ ಆಮ್ಲ ಕಬ್ಬಿಣವನ್ನೇ ತಿನ್ನುತ್ತದೆ. ವಾಷಿಂಗ್ ಸೋಡಾ ನೀರಿನಲ್ಲಿ ವಿದ್ಯುತ್ ಹರಿಸಿಯೂ ತುಕ್ಕು ತೆಗೆಯಬಹುದು. ಆದರೆ ಇನ್ನೊಂದು ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಲೇಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ಹುಟ್ಟುತ್ತವೆ. ತೊಳೆದ ಬೂದುಬಣ್ಣದ ಬಾಣಲೆಯನ್ನು ಹಾಗೇ ಬಿಟ್ಟರೆ ನಿಮ್ಮ ಕಣ್ಣೆದುರೇ ಕೇಸರಿ ತುಕ್ಕು ಹಬ್ಬುತ್ತದೆ. ತಕ್ಷಣ ಒರೆಸಿ, ಒಲೆಯ ಮೇಲಿಟ್ಟು ಒಣಗಿಸಿ.

ಇಲ್ಲಿಂದ ಮುಂದಿನದು ನನಗೆ ತುಂಬಾ ಇಷ್ಟದ ಭಾಗ. ಎಣ್ಣೆಯ ಅಣುವಿನಲ್ಲಿ ಇಂಗಾಲದ ಉದ್ದನೆಯ ಸರಪಳಿಗಳಿರುತ್ತವೆ. ಕೆಲವು ಸರಪಳಿಗಳಲ್ಲಿ ಅಲ್ಲಲ್ಲಿ ಜೋಡಿ ಬಂಧಗಳಿವೆ. ಎರಡು ಜೋಡಿ ಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲ ತನ್ನ ಹೈಡ್ರೋಜನ್ನನ್ನು ಸಡಿಲವಾಗಿ ಹಿಡಿದಿರುತ್ತದೆ. ಬಿಸಿ ತಗುಲಿದರೆ ಆ ಹೈಡ್ರೋಜನ್ ಕಳಚಿಕೊಳ್ಳುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿಯ ಆಮ್ಲಜನಕ ಬಂದು ಕೂರುತ್ತದೆ. ಅದು ಪಕ್ಕದ ಸರಪಳಿಯ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಈಗ ಪಕ್ಕದ್ದಕ್ಕೂ ಅದೇ ಗತಿ. ಹೀಗೆ ಆಮ್ಲಜನಕ ಸೇರಿ ಹುಟ್ಟಿದ ಪೆರಾಕ್ಸೈಡ್ ಎಂಬ ಸಂಯುಕ್ತಗಳು ಒಡೆದು ಒಂದು ಸರಪಳಿಯನ್ನು ಇನ್ನೊಂದಕ್ಕೆ ಬೆಸೆಯುತ್ತವೆ. ಕಬ್ಬಿಣ ಸುಮ್ನೆ ಕೂರುವುದಿಲ್ಲ, ಆ ಒಡೆಯುವಿಕೆಯನ್ನು ಅದೂ ಚುರುಕುಗೊಳಿಸುತ್ತದೆ. ಬಿಡಿ ನೂಲುಗಳು ಬಟ್ಟೆಯಾದ ಹಾಗೆ, ಹರಿಯುವ ಎಣ್ಣೆ ಗಟ್ಟಿ ಪೊರೆಯಾಗುತ್ತದೆ. ತೈಲಚಿತ್ರದ ಬಣ್ಣ ಒಣಗುವುದೂ ಇದೇ ಕ್ರಿಯೆಯಿಂದ. ಅಲ್ಲಿ ಅಗಸೆ ಎಣ್ಣೆ ಆವಿಯಾಗುವುದಿಲ್ಲ, ಆಮ್ಲಜನಕ ಹೀರಿಕೊಂಡು ಮೊದಮೊದಲು ತೂಕ ಏರಿಸಿಕೊಳ್ಳುತ್ತದೆ! ಒಣಗುವುದು ಅಂದರೆ ನೀರು ಆರುವುದು ಅಂತಲೇ ತಿಳಿದವರಿಗೆ ಇದು ಅಚ್ಚರಿ, ಅಲ್ವಾ?

ಜೋಡಿ ಬಂಧಗಳನ್ನು ಅಳೆಯಲು ಅಯೋಡಿನ್ ಸಂಖ್ಯೆ ಎಂಬ ಹಳೆಯ ಅಳತೆ ಇದೆ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿದುಕೊಳ್ಳುತ್ತದೆ ಅನ್ನುವ ಲೆಕ್ಕ. ಅಗಸೆ ಎಣ್ಣೆಗೆ ಅದು 170ಕ್ಕೂ ಜಾಸ್ತಿ, ಸೂರ್ಯಕಾಂತಿಗೆ ಸುಮಾರು 130, ತೆಂಗಿನೆಣ್ಣೆಗೆ ಸುಮಾರು 10. ಹಾಗಾದರೆ ಅಗಸೆಯೇ ಉತ್ತಮ ಅನ್ನಬಹುದು. ಅದರ ಪೊರೆ ಗಟ್ಟಿಯೇನೋ ಹೌದು, ಆದರೆ ಪೆಡಸು. ಬಾಣಲೆ ಕಾದು ಹಿಗ್ಗಿ, ತಣಿದು ಕುಗ್ಗುವಾಗ ಚಕ್ಕೆ ಏಳುವುದುಂಟು. ಸೂರ್ಯಕಾಂತಿ, ಸೋಯಾದಂಥ ನಡುವಿನ ಎಣ್ಣೆಗಳೇ ನನ್ನ ಆಯ್ಕೆ.

ಕ್ರಿಯೆಗೆ ಆಮ್ಲಜನಕ ಬೇಕು. ಹಾಗಾಗಿ ಎಣ್ಣೆ ತೆಳ್ಳಗಿರಲೇಬೇಕು. ಬೆಚ್ಚಗಿನ ಪಾತ್ರೆಗೆ ಎಣ್ಣೆ ಸವರಿ, ಆಮೇಲೆ ಒಣಬಟ್ಟೆಯಿಂದ ಪೂರ್ತಿ ತೆಗೆಯುವವರ ಹಾಗೆ ಒರೆಸಿ. ಏನೂ ಉಳಿದಿಲ್ಲ ಅನ್ನಿಸಿದರೂ ಬೇಕಾದಷ್ಟು ಉಳಿದಿರುತ್ತದೆ. ಓವನ್ನಿನಲ್ಲಿ ಬೋರಲಾಗಿಟ್ಟು ಸುಮಾರು 230 ಡಿಗ್ರಿಯಲ್ಲಿ ಒಂದು ಗಂಟೆ ಬಿಟ್ಟು, ಅಲ್ಲೇ ಆರಲು ಬಿಡಿ. ಕಿಟಕಿ ತೆರೆದಿರಲಿ, ಹೊಗೆ ಬರುತ್ತದೆ. ಎಣ್ಣೆ ಹೆಚ್ಚಾಗಿದ್ದರೆ ಅಂಚಿನಲ್ಲಿ ಜೇನುಬಣ್ಣದ ಹನಿಗಳು ನಿಂತಿರುತ್ತವೆ. ಉಗುರಿನಿಂದ ಒತ್ತಿ ನೋಡಿ: ಮೇಲೆ ತೊಗಟೆ, ಒಳಗೆ ಅಂಟು. ಮೇಲ್ಪದರ ಮೊದಲು ಗಟ್ಟಿಯಾಗಿ ಒಳಗಿನದಕ್ಕೆ ಗಾಳಿ ಹೋಗದ ಹಾಗೆ ಮುಚ್ಚಿಬಿಟ್ಟಿದೆ. ಒಂದು ದಪ್ಪ ಪದರಕ್ಕಿಂತ ಮೂರು ನಾಲ್ಕು ತೆಳು ಪದರ ಮೇಲು.

ಸೋಪು ಹಾಕಿದರೆ ಪೊರೆ ಹೋಗುತ್ತದೆ ಅನ್ನುವ ಭಯ ಬಂದದ್ದು ಎಲ್ಲಿಂದ? ಹಳೇ ಸೋಪುಗಳಲ್ಲಿ ಕಾಸ್ಟಿಕ್ ಕ್ಷಾರ ಉಳಿದಿರುತ್ತಿತ್ತು. ಎಣ್ಣೆಯ ಸರಪಳಿಗಳನ್ನು ಒಂದು ಅಣುವಾಗಿ ಹಿಡಿದಿಡುವ ಎಸ್ಟರ್ ಬಂಧಗಳು ಪೊರೆಯೊಳಗೆ ಹಾಗೇ ಇರುತ್ತವೆ, ಕ್ಷಾರ ಅವನ್ನು ಕತ್ತರಿಸುತ್ತದೆ. ಕಿಟ್ಟ ತೆಗೆಯಲು ಅದೇ ಕ್ಷಾರ ಕೆಲಸಕ್ಕೆ ಬಂದದ್ದೂ ಇದಕ್ಕೇ. ಈಗಿನ ಪಾತ್ರೆ ತೊಳೆಯುವ ದ್ರವಗಳು ಹಾಗಲ್ಲ. ಅವು ಬಿಡಿಯಾಗಿರುವ ಜಿಡ್ಡನ್ನಷ್ಟೇ ಎತ್ತುತ್ತವೆ, ಹೆಣೆದುಕೊಂಡ ಪೊರೆಯನ್ನು ಅಲ್ಲಾಡಿಸಲಾರವು. ಧೈರ್ಯವಾಗಿ ತೊಳೆಯಿರಿ. ತೊಳೆಯದೆ ಬಿಟ್ಟ ಜಿಡ್ಡು ಕಮಟು ವಾಸನೆ ಹಿಡಿಯುತ್ತದೆ. ಗಂಟೆಗಟ್ಟಲೆ ನೀರಿನಲ್ಲಿ ನೆನೆಸಿಡುವುದು, ಹುಳಿ ಪದಾರ್ಥವನ್ನು ಬಹಳ ಹೊತ್ತು ಕುದಿಸುವುದು ಮಾತ್ರ ಹೊಸ ಪೊರೆಗೆ ಆಗದು. ಎಲ್ಲಾದರೂ ಚಕ್ಕೆ ಎದ್ದರೆ ಇಡೀ ಪಾತ್ರೆಯನ್ನು ಮತ್ತೆ ಕಾಸ್ಟಿಕ್‌ಗೆ ಹಾಕಬೇಕಿಲ್ಲ. ಅಷ್ಟು ಜಾಗ ಉಜ್ಜಿ, ಒಂದು ತೆಳು ಪದರ ಕೊಟ್ಟು, ಬಳಸುತ್ತಾ ಹೋಗಿ.